ಸೂರಜ್ ತಾಲ್ ದಂಡೆಯಲ್ಲಿ ಬೇಯದ ಅಕ್ಕಿ

ಅಕ್ಕಿ ಯಾಕೆ ಬೇಯಲಿಲ್ಲ ಎಂಬುದು ನನಗೆ ಗೊತ್ತಿತ್ತು, ನಾಗರಾಜ. ಆವತ್ತು ಆ ಸರೋವರದ ದಂಡೆಯಲ್ಲಿ ನಿಂತಿದ್ದ ಅಷ್ಟೂ ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ತಪ್ಪನ್ನು ನಿನ್ನ ಕೈಯ ಮೇಲೆ ಹೊರಿಸಿದೆ — ಎಲ್ಲರೆದುರು, ನೀನು ನನ್ನ ಮುಖವನ್ನೇ ನೋಡುತ್ತಿದ್ದಾಗ.

ಇದನ್ನು ಎದುರಿಗೆ ಕೂತು ಹೇಳುವ ಅವಕಾಶ ಕಳೆದ ತಿಂಗಳು ನಿನ್ನ ಮನೆಯಲ್ಲೇ ಸಿಕ್ಕಿತ್ತು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ; ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ನಿನ್ನೊಬ್ಬನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಹಗುರಾಗುವುದು ಇನ್ನೊಂದು ಹೇಡಿತನ. ಅಂದಿನ ಮಾತನ್ನು ನಾಲ್ಕು ಜನ ಕೇಳಿದ್ದರು, ಇದನ್ನೂ ನಾಲ್ಕು ಜನ ಓದಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜಾವಗಲ್ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಆಗಷ್ಟೇ ನಿವೃತ್ತನಾಗಿ ಅರಸೀಕೆರೆಯಲ್ಲಿ ಮನೆ ಮಾಡಿದ್ದೆ. ಊರಿನ ಕೆಲವರು ಸೇರಿ ಹಿಮಾಲಯ ನೋಡಲು ಹೊರಟರು — ದೇವಸ್ಥಾನದ ಸೇವೆಯ ಮನೆತನದವರು, ಗುಮಾಸ್ತರು, ಒಂದಿಬ್ಬರು ಮೇಷ್ಟ್ರುಗಳು. ಮುಂದಾಳು ವರದಯ್ಯನವರು, ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಆಗಿದ್ದವರು, ಹೋಟೆಲಿನ ಅನ್ನ ಮುಟ್ಟದವರು. ಹಾಗಾಗಿ ಅಡುಗೆಯವರೊಬ್ಬರು ಬೇಕಾಯಿತು. ನಾನು ನಿನ್ನ ಹೆಸರು ಹೇಳಿದೆ. ನೀನು ನನ್ನ ಹಳೆಯ ವಿದ್ಯಾರ್ಥಿ, ಮೂವತ್ತು ದಾಟಿದ್ದೆ, ಮದುವೆಮನೆಗಳಲ್ಲಿ ಕಂಟ್ರಾಕ್ಟರೊಬ್ಬರ ಕೈಕೆಳಗೆ ಅಡುಗೆ ಮಾಡುತ್ತಿದ್ದೆ.

"ಯಾವ ಪೈಕಿ ಮೇಷ್ಟ್ರೇ?" ಎಂದು ವರದಯ್ಯ ಕೇಳಿದರು.

"ಬಹಳ ಶುಚಿ. ನನ್ನ ಜವಾಬ್ದಾರಿ" ಎಂದೆ.

ಅವರು ಕೇಳಿದ್ದು ಅದಲ್ಲ, ನಾನು ಹೇಳಿದ್ದು ಉತ್ತರವೂ ಅಲ್ಲ. ನಿಮ್ಮ ತಂದೆ ಬೌದ್ಧ ಧರ್ಮ ಸೇರಿದವರು, ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದವರು, ನಿಮ್ಮ ನಡುಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿಲ್ಲ — ಎಲ್ಲವೂ ನನಗೆ ಗೊತ್ತಿತ್ತು. ಹೇಳದೆ ಇದ್ದುದನ್ನು ಆಗ ನಾನು ನನ್ನ ಪ್ರಗತಿಪರತೆ ಎಂದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದಕ್ಕೆ ನನ್ನಂಥವರು ಎಷ್ಟು ಚೆಂದದ ಹೆಸರುಗಳನ್ನು ಇಡುತ್ತೇವೆ!

ನೀನು ಬಂದದ್ದು ಹಿಮ ನೋಡಲಲ್ಲ. ಹಳೇಬೀಡಿನಲ್ಲಿ, ದೇವಸ್ಥಾನ ನೋಡಲು ಬರುವವರಿಗಾಗಿ ಸ್ವಂತದ್ದೊಂದು ಮೆಸ್ ತೆರೆಯಬೇಕೆಂದಿದ್ದೆ. ಕೆರೆಯ ಕಡೆಯ ರಸ್ತೆಯಲ್ಲಿ ಮಳಿಗೆಯನ್ನೂ ನೋಡಿಟ್ಟಿದ್ದೆ. ಇಷ್ಟು ದೊಡ್ಡವರು ಊರಿಗೆ ಮರಳಿ ನಿನ್ನ ಅಡುಗೆ ಹೊಗಳಿದರೆ ಅರಸೀಕೆರೆಯ ಮದುವೆಗಳೂ ನೇರವಾಗಿ ನಿನಗೇ ಸಿಗುತ್ತವೆ ಎಂದು ರೈಲಿನ ಬಾಗಿಲ ಬಳಿ ನಿಂತು ನೀನೇ ಹೇಳಿದ್ದೆ. "ನಿಮ್ ಬಾಯಿಂದ ಒಂದ್ ಮಾತು ಬಂದ್ರೆ ಸಾಕು ಸಾರ್."

ಒಂದು ಮಾತು. ಬಂತಲ್ಲ.

ಮನಾಲಿಯಿಂದ ಒಂದು ಸಣ್ಣ ಬಸ್ಸು. ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ ವರದಯ್ಯ, ಅವರ ಪಕ್ಕ ನಾನು. "ಮೇಷ್ಟ್ರು ವಿವರಿಸಲಿ, ನಾವು ಕೇಳೋಣ" ಎಂದು ಅವರೇ ಕೂರಿಸಿಕೊಂಡಿದ್ದರು. ಆ ಸೀಟನ್ನು ನೆನಪಿಟ್ಟುಕೊ ನಾಗರಾಜ, ಮುಂದೆ ಅದರ ಮಾತು ಬರುತ್ತದೆ. ನೀನು ಹಿಂದೆ, ಸ್ಟವ್ ಮತ್ತು ಅಕ್ಕಿಮೂಟೆಯ ನಡುವೆ.

ರೋಹ್ತಾಂಗ್ ಪಾಸಿನಲ್ಲಿ ಎಲ್ಲರೂ ಮೊದಲ ಸಲ ಹಿಮ ಕಂಡರು. ಬೇಡ, ಆ ಕಿರುಚಾಟವನ್ನು ಇಲ್ಲಿ ಬರೆಯಲಾರೆ. ಬಾಡಿಗೆಯ ಉದ್ದ ಕೋಟು ತೊಟ್ಟ ದೊಡ್ಡ ಮನುಷ್ಯರು, ಹಿಮವನ್ನು ತೀರ್ಥದಂತೆ ತಲೆಗೆ ಹಾಕಿಕೊಂಡು ಆಮೇಲೆ ನೆಗಡಿಯಾಯಿತೆಂದು ಒಬ್ಬರನ್ನೊಬ್ಬರು ಬೈದುಕೊಂಡವರು! ವರದಯ್ಯನವರ ಹೆಂಡತಿ ಅಲಮೇಲಮ್ಮನವರು ಮಾತ್ರ ಆ ಚೆಲುವಿಗೆ ಸೋಲಲಿಲ್ಲ. ದಾರಿಯಲ್ಲಿ ಹಸಿರು ನೀರಿನ ಒಂದು ಸರೋವರ ಕಂಡಾಗ, "ನಮ್ ಹಳೇಬೀಡು ಕೆರೆ ಮುಂದೆ ಇದೇನ್ ಮಹಾ? ಒಂದು ತಾವರೆ ಇಲ್ಲ, ಬಟ್ಟೆ ಒಗೆಯೋಕ್ ಒಂದು ಕಲ್ಲಿಲ್ಲ" ಎಂದರು. ಯಾರೋ ಉಸಿರು ಕಟ್ಟುತ್ತದೆ ಎಂದದ್ದಕ್ಕೆ ವರದಯ್ಯ, "ನಮ್ಮೂರ್ ಮಾಲೇಕಲ್ಲು ಬೆಟ್ಟ ಹತ್ತೋವಾಗ ಕಟ್ಟದ ಉಸಿರು ಬಸ್ಸಲ್ ಕೂತ್ರೆ ಕಟ್ಟುತ್ತೇನ್ರೀ?" ಎಂದು ಗೇಲಿ ಮಾಡಿದರು.

ಆಗ ನಾನು ಎದ್ದು ನಿಂತು ಪಾಠ ಮಾಡಿದೆ. ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ, ಅದರ ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ಏದುಸಿರು — ಹೀಗೆ. ಎಲ್ಲರೂ ತಲೆದೂಗಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಎರಡು ದಿನದ ನಂತರ ನನಗೆ ಆ ವಿಷಯ ಹೊಳೆಯಲೇ ಇಲ್ಲ ಎಂದು ಯಾರೂ ನನ್ನ ಪರವಾಗಿ ವಾದಿಸಬಾರದು. ನಾನೂ ಸಹ.

ರೋಹ್ತಾಂಗ್ ದಾಟಿ ಕೇಲಾಂಗ್ ಎಂಬ ಊರಿನಲ್ಲಿ ಉಳಿದುಕೊಂಡ ದಿನ ಆಷಾಢದ ಏಕಾದಶಿ. ಹಿರಿಯರೆಲ್ಲ ಉಪವಾಸವಿದ್ದರು. ಅಡುಗೆಯಿಲ್ಲದ್ದರಿಂದ ನಿನಗೂ ಬಿಡುವು. ಮಧ್ಯಾಹ್ನ ನಾವೆಲ್ಲ ಗುಡ್ಡದ ಮೇಲಿನ ಬೌದ್ಧ ಮಠ ನೋಡಲು ಹೋದೆವು. ಉಳಿದವರು ಫೋಟೋ ತೆಗೆಸಿಕೊಳ್ಳುತ್ತಿರುವಾಗ ನೀನು ಒಳಗೆ ಹೋಗಿ ಮಂಡಿಯೂರಿ, ಬುದ್ಧನೆದುರು, ನಿಮ್ಮ ಮನೆಯಲ್ಲಿ ದಿನವೂ ಹೇಳುವ ತ್ರಿಶರಣವನ್ನು, 'ಬುದ್ಧಂ ಶರಣಂ ಗಚ್ಛಾಮಿ' ಎಂದು, ಗಟ್ಟಿಯಾಗಿ ಹೇಳಿದೆ. ವಯಸ್ಸಾದ ಭಿಕ್ಷು ಎದ್ದು ಬಂದು ನಿನ್ನ ಕೊರಳಿಗೆ ಬಿಳಿಯ ವಸ್ತ್ರ ಹಾಕಿದರು. ಹೊರಗೆ ಬಂದಾಗ ನಿನ್ನ ಮುಖ — ಅಂಥ ಮುಖವನ್ನು ನಾನು ತರಗತಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ.

"ಅವ್ರ್ ಮಾತು ನಂಗ್ ಬರಕಿಲ್ಲ, ನನ್ ಮಾತು ಅವ್ರಿಗ್ ಬರಕಿಲ್ಲ. ಆದ್ರೂ ಇಲ್ಲೂ ನಮ್ಮೋರೇ ಅವ್ರೆ ಸಾರ್!"

ಬಾಗಿಲಲ್ಲಿದ್ದ ಎಲ್ಲರಿಗೂ ಕೇಳಿಸಿತು. ಇಳಿಯುವಾಗ ವರದಯ್ಯ ನನ್ನ ಪಕ್ಕ ಬಂದರು. "ನಿಮಗ್ ಗೊತ್ತಿತ್ತೇನ್ರೀ?"

"ಇಲ್ಲ" ಎಂದೆ. ಒಂದು ಉಸಿರಿನಷ್ಟೂ ತಡವಾಗಲಿಲ್ಲ.

"ಹೋಗ್ಲಿ ಬಿಡಿ. ಕಾಲ ಬದಲಾಗಿದೆ. ಪ್ರವಾಸದಲ್ಲಿ ಅವೆಲ್ಲ ನೋಡ್ಕೊಂಡ್ ಕೂರೋಕಾಗುತ್ತಾ" ಎಂದರು, ದೊಡ್ಡ ಮನಸ್ಸಿನಿಂದ. ಮರುದಿನ ದ್ವಾದಶಿ, ಉಪವಾಸ ಮುಗಿಸಲು ಬೆಳಗ್ಗೆಯೇ ಪಾರಣೆಯ ಊಟವಾಗಬೇಕು, ಬೇರೆ ಅಡುಗೆಯವನಿಲ್ಲ. ಆ ದೊಡ್ಡ ಮನಸ್ಸಿನ ಅಳತೆ ಅಷ್ಟೇ — ಒಂದು ಹೊತ್ತಿನ ಹಸಿವು.

ಪಾರಣೆ ಸೂರಜ್ ತಾಲ್ ದಂಡೆಯಲ್ಲೇ ಆಗಬೇಕೆಂದು ವರದಯ್ಯ ಮೊದಲೇ ನಿಶ್ಚಯಿಸಿದ್ದರು. ಬಾರಾಲಾಚಾ ಪಾಸಿಗೆ ಸ್ವಲ್ಪ ಕೆಳಗೆ, ಸುತ್ತ ಹಿಮ ಹೊದ್ದ ಬೆಟ್ಟಗಳ ನಡುವೆ ಇರುವ ನೀಲಿ ಸರೋವರ. ನಸುಕಿನಲ್ಲೇ ಹೊರಟು ತಲುಪಿದೆವು. ಕೆಲವರಿಗೆ ಆಗಲೇ ತಲೆ ಸಿಡಿಯುತ್ತಿತ್ತು, ಇಬ್ಬರು ವಾಂತಿ ಮಾಡಿಕೊಂಡರು. ಆದರೂ ಕಾಲು ತೊಳೆದು, ಸಂಕಲ್ಪ ಮಾಡಿ, ಜಮಖಾನ ಹಾಸಿ ಕೂತರು. ನೀನು ಬಂಡೆಗಳ ಮರೆಯಲ್ಲಿ ಪಂಪ್ ಸ್ಟವ್ ಹಚ್ಚಿ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟೆ.

ನೀರು ಬೇಗ ಕುದಿಯಿತು. ಎಷ್ಟು ಬೇಗ! ನೀನು ಖುಷಿಯಿಂದ ಅಕ್ಕಿ ಹಾಕಿದೆ. ಆಮೇಲೆ ಅದು ಕುದಿಯುತ್ತಲೇ ಇತ್ತು — ಕುದಿಯುತ್ತಲೇ. ನೀನು ಅಗುಳು ಹಿಸುಕಿ ನೋಡುತ್ತಿದ್ದೆ, ಮುಚ್ಚಳದ ಮೇಲೆ ಕಲ್ಲು ಹೇರಿದೆ, ಮತ್ತೆ ನೀರು ಹಾಕಿದೆ. ಹೊರಗೆ ಗಂಜಿ, ಒಳಗೆ ಕಲ್ಲು. ಹೆಸರುಬೇಳೆಯದೂ ಅದೇ ಗತಿ.

ನಾನು ಮೊದಲಿನಿಂದಲೂ ನೋಡುತ್ತ ನಿಂತಿದ್ದೆ. ಆ ಎಸರು ಅಷ್ಟು ಬೇಗ ಕುದಿದಾಗಲೇ ನನಗೆ ಗೊತ್ತಾಯಿತು. ಎಷ್ಟೋ ವರ್ಷ ಪ್ರಶ್ನೆಪತ್ರಿಕೆಯಲ್ಲಿ ನಾನೇ ಕೇಳಿದ ಪ್ರಶ್ನೆ ಅದು: "ಕಾರಣ ಕೊಡಿ. ಎತ್ತರದ ಬೆಟ್ಟಗಳ ಮೇಲೆ ಅನ್ನ ಬೇಯಿಸುವುದು ಕಷ್ಟ." ನೀನೂ ಒಮ್ಮೆ ಬರೆದಿರುತ್ತೀಯ, ಪರೀಕ್ಷೆ ಮುಗಿದ ಮೇಲೆ ಎಲ್ಲರಂತೆ ಮರೆತಿರುತ್ತೀಯ.

"ಸಾರ್, ಕುದೀತಾ ಐತೆ ನೋಡಿ. ಬೇಯ್ತಾನೇ ಇಲ್ಲ. ಇಂಗ್ ಯಾವತ್ತೂ ಆಗಿಲ್ಲ ಸಾರ್" ಎಂದೆ ನೀನು.

"ಮೊನ್ನೆವರೆಗೂ ಚೆನ್ನಾಗೇ ಬೇಯ್ತಿತ್ತಲ್ಲಯ್ಯ" ಎಂದರು ವರದಯ್ಯ. "ಎಲ್ಲಾ ತಿಳಿದ ಮೇಲೆ ಇವತ್ತು..." ಮಾತನ್ನು ಅಲ್ಲಿಗೇ ಬಿಟ್ಟರು. ಬಿಟ್ಟದ್ದನ್ನು ಕೂತವರೆಲ್ಲ ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡರು. ಅಲಮೇಲಮ್ಮ ಹಣೆ ಹಿಡಿದುಕೊಂಡು, "ದ್ವಾದಶಿ ದಿನ ಕಲ್ಲು ಉಣ್ಣೋ ಹಾಗಾಯ್ತಲ್ಲ, ಪರಮಾತ್ಮ" ಎಂದರು. ಆಗ ವರದಯ್ಯ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವು ಸೈನ್ಸಿನೋರು. ನೀವೇ ಹೇಳಿ. ಬೆಂಕಿ ಇದೆ, ನೀರು ಕುದೀತಿದೆ, ಅಕ್ಕಿ ಅದೇ ಅಕ್ಕಿ. ಏನ್ ಕಾರಣ?"

ನೀನೂ ತಿರುಗಿದೆ. ನಿನ್ನ ಮುಖದಲ್ಲಿ ಗಾಬರಿ ಇಳಿದು ಸಮಾಧಾನ ಬಂದಿತ್ತು. ಮೇಷ್ಟ್ರು ಹೇಳುತ್ತಾರೆ — ಇನ್ನು ಚಿಂತೆಯಿಲ್ಲ.

ನಾನು ಹೇಳಿದೆ: "ಏನ್ ಹೇಳೋದು ವರದಯ್ಯನೋರೆ. ಅಡುಗೆಗೆ ಕೈಗುಣ ಅಂತ ಒಂದಿರುತ್ತೆ."

ಯಾಕೆ ಹೇಳಿದೆ? ಭಯದಿಂದ ಎಂದರೆ ಆ ಮಾತಿಗೆ ಗೌರವ ಕೊಟ್ಟಂತಾಗುತ್ತದೆ. ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ, ಹಿಮದಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ನಿನ್ನ ಪರ ಮಾತಾಡಿದರೆ ಹಿಂದಿನ ದಿನದ "ಇಲ್ಲ" ಸುಳ್ಳೆಂದು ಅವರಿಗೆ ಅನುಮಾನ ಬರುತ್ತಿತ್ತು. ಮುಂದಿನ ಸೀಟಿನಿಂದ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಅಷ್ಟೇ. ಒಂದು ಸೀಟಿಗಾಗಿ. ಇದಕ್ಕಿಂತ ದೊಡ್ಡ ಕಾರಣವನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ನೀನು ನಿನ್ನ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡೆ. ಆಮೇಲೆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹಿಮದ ಮೇಲೆ ಸುರಿದೆ. ಬಿಳಿಯ ಮೇಲೆ ಬಿಳಿ. ಹಬೆ ಆರಿದ ಮೇಲೆ ಅನ್ನ ಎಲ್ಲಿ ಬಿದ್ದಿದೆ ಎಂಬುದೇ ಕಾಣಲಿಲ್ಲ. ಅವರೆಲ್ಲ ಅವಲಕ್ಕಿ ನೆನೆಸಿ ತಿಂದು ಪಾರಣೆ ಮಾಡಿದರು. ನಾನೂ ತಿಂದೆ. ಮತ್ತೆ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಬಾರಾಲಾಚಾ ಪಾಸನ್ನು ನೋಡಿದೆ. ರಸ್ತೆಯ ಎರಡೂ ಬದಿಗೆ ಆಳೆತ್ತರದ ಹಿಮದ ಗೋಡೆ. ಬಹಳ ಸುಂದರವಾಗಿತ್ತು. ಚೆನ್ನಾಗಿ ಕಾಣುತ್ತಿತ್ತು, ಅಲ್ಲಿಂದ.

ಊರಿಗೆ ಬಂದ ಮೇಲೆ ಅದು ಅವರಿಗೆಲ್ಲ ಹೇಳಿಕೊಂಡು ನಗುವ ಕಥೆಯಾಯಿತು. "ವಿಜ್ಞಾನದ ಮೇಷ್ಟ್ರೇ ಒಪ್ಪಿದ್ರಲ್ರೀ, ಕೈಗುಣ ಅಂತ!" ಮದುವೆಗೆ ಕರೆಯುವವರು ಕಡಿಮೆಯಾದರೆಂದು ಕೇಳಿದೆ. ಹಳೇಬೀಡಿನ ಮಳಿಗೆಯಲ್ಲಿ ಯಾರೋ ಎಳನೀರಿನ ಅಂಗಡಿ ಇಟ್ಟರು. ನೀನು ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಸೇರಿದೆ ಎಂದು ತಿಳಿದ ಮೇಲೆ ನಾನು ಆ ರಸ್ತೆಯಲ್ಲಿ ಓಡಾಡುವುದನ್ನು ಬಿಟ್ಟೆ.

ಕಳೆದ ತಿಂಗಳು ಜಾವಗಲ್ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಗುರುತಿಸಿದೆ. ಕೈಯಿಂದ ಚೀಲ ಕಸಿದುಕೊಂಡು ಮನೆಗೆ ಕರೆದೊಯ್ದೆ. ನಿನ್ನ ಹೆಂಡತಿ ಉಪ್ಪಿಟ್ಟಿಗೆ ರವೆ ಹುರಿಯುತ್ತ, "ಒಂಚೂರ್ ಕೈಯಾಡ್ಸಿ ಬನ್ರೀ, ನೀರ್ ತರ್ತೀನಿ" ಎಂದು ಕೂಗಿದರು.

"ನನ್ ಕೈಲಿ ಬ್ಯಾಡ ಕಣೇ, ನನ್ ಕೈಗುಣ ನೆಟ್ಟಗಿಲ್ಲ. ಬೇಕಾದ್ರೆ ಇವ್ರನ್ನೇ ಕೇಳು, ಮೇಷ್ಟ್ರೇ ಹೇಳವ್ರೆ" ಎಂದು ನೀನು ನಕ್ಕೆ.

"ಹಬ್ಬದ್ ದಿನಾನೂ ಒಲೆ ಮುಟ್ಟಾಕಿಲ್ಲ ಸಾರ್ ಇವ್ರು" ಎಂದರು ಅವರು.

ಅದು ಕುಹಕವಾಗಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಕುಹಕವಾಗಿರಲಿಲ್ಲ. ನೀನು ನಂಬಿದ್ದೆ. ನಿನ್ನ ತಲೆಯ ಮೇಲೆ ಗೋಡೆಯಲ್ಲಿ ಆ ಬುದ್ಧನ ಪಟವಿತ್ತು, ಅದರ ಚೌಕಟ್ಟಿಗೆ ಕೇಲಾಂಗಿನ ಬಿಳಿ ವಸ್ತ್ರ. ಶಕುನ, ದೃಷ್ಟಿ, ಗಳಿಗೆ ಎಲ್ಲವನ್ನೂ ಹೊರಗೆ ಹಾಕಿ ನಿಮ್ಮ ತಂದೆ ಕಟ್ಟಿದ ಮನೆ ಅದು. ಆ ಮನೆಯೊಳಕ್ಕೆ ಒಂದು ಮೂಢನಂಬಿಕೆಯನ್ನು ತಂದಿಟ್ಟವನು ವಿಜ್ಞಾನದ ಮೇಷ್ಟ್ರು. ಬೇರೆ ಯಾರು ಹೇಳಿದ್ದರೂ ನೀನು ನಂಬುತ್ತಿರಲಿಲ್ಲ.

ಆಗ ನಾನೇನು ಮಾಡಿದೆ ಗೊತ್ತೆ? ನಾನೂ ನಕ್ಕೆ. ಉಪ್ಪಿಟ್ಟು ತಿಂದು, ಚೆನ್ನಾಗಿದೆ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಆವತ್ತು ಕೊಡಬೇಕಿದ್ದ ಕಾರಣವನ್ನು ಈಗ ಕೊಡುತ್ತೇನೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟು ಬೆಂಕಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಆ ಬಿಸಿ ಅಕ್ಕಿಗೆ ಸಾಲದು. ಒಂದು ಕುಕ್ಕರ್ ಇದ್ದಿದ್ದರೆ ಬೇಯುತ್ತಿತ್ತು. ಆ ದಂಡೆಯಲ್ಲಿ ವರದಯ್ಯ ಒಲೆ ಹಚ್ಚಿದ್ದರೂ ಬೇಯುತ್ತಿರಲಿಲ್ಲ. ನಾನು ಹಚ್ಚಿದ್ದರೂ ಬೇಯುತ್ತಿರಲಿಲ್ಲ.

ವರದಯ್ಯನವರಿಗೆ ನಿನ್ನೆ ಅವರ ಮನೆ ಜಗಲಿಯಲ್ಲೇ ಇದನ್ನು ಹೇಳಿ ಬಂದೆ. ನನಗೆ ಮೊದಲೇ ಗೊತ್ತಿತ್ತೆಂಬುದನ್ನೂ ಸೇರಿಸಿ. "ಈಗ್ಯಾಕ್ರೀ ಅದೆಲ್ಲ" ಎಂದು ಪೇಪರ್ ಬಿಡಿಸಿಕೊಂಡರು. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು. ಭಾನುವಾರ ಜಾವಗಲ್ಲಿಗೆ ಬರುತ್ತೇನೆ. ಬಾಗಿಲಲ್ಲೇ ನಿಂತು, ನಿನ್ನ ಹೆಂಡತಿಗೂ ಕೇಳುವ ಹಾಗೆ, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ಒಳಗೆ ಬನ್ನಿ ಎಂದರೆ ಬರುತ್ತೇನೆ.