ಹಾಲಪ್ಪನ ಟವೆಲ್ಲಿನಡಿ

ದೆವ್ವ, ಗಾಳಿ, ಸತ್ತವರ ನೆರಳು ಎಂದು ಯಾರಾದರೂ ಶುರುಮಾಡಿದರೆ ನಾನು ಎಮ್ಮೆಗೆ ಹುಲ್ಲು ಹಾಕುವ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಆವರಗೆರೆಯಲ್ಲಿ ಹಾಲು ಮಾರಿ ಒಬ್ಬಳೇ ಮನೆ ನಡೆಸುವವಳು ನಾನು. ಬದುಕಿದವರ ಕಾಟವೇ ಬೇಕಾದಷ್ಟಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ, ನಗುವುದಾದರೆ ನಗಿ.

ಹರಿಹರದ ಹಾಲಪ್ಪ ದನದ ದಲ್ಲಾಳಿ. ನನ್ನ ಕೊಟ್ಟಿಗೆಯ ಎಮ್ಮೆಗಳೆಲ್ಲ ಅವನು ಕೊಡಿಸಿದವೇ. ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಮುಚ್ಚಿ, ಅದರಡಿ ಒಬ್ಬರ ಬೆರಳು ಒಬ್ಬರು ಹಿಡಿದು ಕುದುರಿಸುತ್ತಾರೆ. ಹೆಂಗಸಿಗೇಕೆ ಈ ಉಸಾಬರಿ ಎಂದು ಉಳಿದವರು ನಕ್ಕಾಗ ಅದನ್ನು ನನಗೆ ಕಲಿಸಿದವನು ಅವನು. ಸಾವಿರ ಸುಳ್ಳು ಹೇಳಿ ಎಮ್ಮೆ ಮಾರಿಸುತ್ತಿದ್ದ, ನನ್ನ ಹತ್ತಿರ ಮಾತ್ರ ಒಂದೂ ಹೇಳಲಿಲ್ಲ. ಎರಡು ಎಮ್ಮೆಗೆಂದು ನನ್ನಿಂದ ಮುಂಗಡ ತೆಗೆದುಕೊಂಡಿದ್ದ. ತರುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟ.

ಸ್ವಲ್ಪ ದಿನ ಕಳೆದ ಮೇಲೆ ಅವನ ಹೆಂಡತಿ ಗಂಗಮ್ಮ ಬರಹೇಳಿದಳು. ಸಂಜೆ ಹೋದೆ. ಅಂಗಳದಲ್ಲಿ ಅವಳ ಮೈದುನ ಯಜಮಾನಿಕೆ ಮಾಡುತ್ತ ಕೂತಿದ್ದ. ನನ್ನ ಮುಂಗಡದ ಸಾಲ ತೀರಿಸಲು ಮನೆಯ ಒಂದೇ ಹಾಲಿನ ಎಮ್ಮೆಯನ್ನು ಮಾರುವುದೆಂದು ಅವನೇ ಗೊತ್ತುಮಾಡಿದ್ದ. ಬಾತಿ ಊರಿನ ಗಿರಾಕಿ ಬೆಳಿಗ್ಗೆ ಬರುವವನಿದ್ದ. ಅವಳಿಗೂ ಮಗಳಿಗೂ ಅನ್ನ ಹಾಕುತ್ತಿದ್ದುದು ಅದೊಂದೇ.

"ಋಣ ಇಟ್ಕಂಡು ಹೋದ್ರು ಅಂತ ಅವರನ್ನ ಯಾರೂ ಅನ್ನಬಾರ್ದ್ರಿ ಅಕ್ಕಾರೆ," ಎಂದಳು ಗಂಗಮ್ಮ.

ನನಗೆ ದುಡ್ಡು ಬಿಟ್ಟುಬಿಡುವ ಮನಸ್ಸು. ಹಾಗೆಂದು ಮೈದುನನೆದುರು ಹೇಳಿದರೆ ಅವಳಿಗೆ ಭಿಕ್ಷೆ ಹಾಕಿದಂತಾಗುತ್ತದೆ. ಗೋಡೆಯ ಗೂಟದಲ್ಲಿದ್ದ ಹಾಲಪ್ಪನ ಟವೆಲ್ ತೆಗೆದು ನನ್ನ ಮಂಡಿಯ ಮೇಲೆ ಹರಡಿಕೊಂಡು, ಎದುರು ಕೂರುವಂತೆ ಅವಳಿಗೆ ಸನ್ನೆ ಮಾಡಿದೆ. ಬೆರಳಿನ ಲೆಕ್ಕ ಅವಳಿಗೂ ಗೊತ್ತಿತ್ತು, ಗಂಡನೇ ಆಟಕ್ಕೆ ಕಲಿಸಿದ್ದನಂತೆ. ಒಂದೇ ಬೆರಳು ಹಿಡಿದು, ಒಂದು ಸಾವಿರ ಸಾಕು ಎನ್ನಬೇಕೆಂದು ಕೈ ಒಳಗಿಟ್ಟೆ. ಸಂತೆಯ ರೂಢಿಯಂತೆ ಕಣ್ಣು ಬೇರೆ ಕಡೆ ಇತ್ತು.

ಕೈಯೊಂದು ನನ್ನ ಕೈ ಹಿಡಿಯಿತು. ಹಗ್ಗ ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿ, ಮೇಲೆ ಮೆಲ್ಲಗೆ ತಟ್ಟಿತು. ವ್ಯಾಪಾರ ಮುಗಿಯಿತು, ಇನ್ನು ಕೇಳಬೇಡ ಎನ್ನಲು ಹಾಲಪ್ಪ ಮಾಡುತ್ತಿದ್ದುದು ಹಾಗೆಯೇ. ಬೇರೆ ಯಾವ ದಲ್ಲಾಳಿಯೂ ಹಾಗೆ ತಟ್ಟಿದ್ದನ್ನು ನಾನು ಕಂಡಿಲ್ಲ. ಗಂಡನ ಚಾಳಿ ಇವಳಿಗೂ ಬಂದಿದೆ ಎಂದುಕೊಂಡು, "ಆತು ಗಂಗಮ್ಮ, ಮುಗೀತು ಬಿಡು," ಎಂದೆ.

"ಏನು ಮುಗೀತ್ರಿ ಅಕ್ಕಾರೆ? ನಾನಿನ್ನೂ ಕೈನೇ ಇಟ್ಟಿಲ್ಲಲ್ರಿ."

ತಿರುಗಿ ನೋಡಿದೆ. ಅವಳ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ನನಗೆಂದು ಆಗಷ್ಟೇ ಒಳಗಿಂದ ತಂದ ಚಾದ ಲೋಟ. ಮೈದುನ ದೂರದ ಕಟ್ಟೆಯ ಮೇಲಿದ್ದ. ಟವೆಲ್ ಎತ್ತಿದೆ, ಅಡಿಯಲ್ಲಿ ನನ್ನ ಮುಷ್ಟಿಯೊಂದೇ ಇತ್ತು.

ಲೆಕ್ಕ ಚುಕ್ತಾ ಆಯಿತು, ಎಮ್ಮೆ ಮಾರುವುದು ಬೇಡ ಎಂದು ಮೈದುನನಿಗೆ ಹೇಳಿ ಅವನನ್ನು ಕಳಿಸಿದೆ. ಆಮೇಲೆ ಗಂಗಮ್ಮನಿಗೆ ಆದದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ. ಲೋಟ ಕೆಳಗಿಟ್ಟು, ತನ್ನ ಕೈಯನ್ನು ಟವೆಲ್ ಅಡಿ ಇಟ್ಟು ಕಾದಳು. ಚಾ ಆರಿಹೋಯಿತು.

"ನನ್ನ ಕೈಗೆ ಯಾಕ ಸಿಗವಲ್ರು ಅಕ್ಕಾರೆ?" ಎಂದಳು.

ಅದೇನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಬಂದವನು ಅವನೇ ಆಗಿದ್ದರೆ, ಸಾಲ ಕೊಟ್ಟವಳ ಕೈ ಹಿಡಿದವನು ಕಟ್ಟಿಕೊಂಡವಳ ಕೈ ಯಾಕೆ ಹಿಡಿಯಲಿಲ್ಲ? ಆ ಸಂಜೆ ನಾನೇ ಮತ್ತೆ ಟವೆಲ್ ಅಡಿ ಕೈ ಹಾಕಿ ಅವಳ ಕೈ ಹಿಡಿದುಕೊಂಡೆ. ನನ್ನದೆಂದು ಅವಳಿಗೆ ಗೊತ್ತಿತ್ತು. ಆದರೂ ಬಿಡಲಿಲ್ಲ.