ಬೆನ್ನು ಮುರಿದ ಮೀನು

ಆ ದೋಣಿಯಲ್ಲಿ ನಾನು ಎಲ್ಲರ ಜೊತೆ ಊಟಕ್ಕೆ ಕೂತದ್ದು ಒಂದೇ ಸಲ. ಮೊದಲ ದಿನವೇ ಕೂತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಒಮಾನ್‌ನಲ್ಲಿ ಟ್ರಾಲ್ ಬಲೆಗೆ ಅನುಮತಿ ಇಲ್ಲ. ಅದರ ಭಾರದ ಸರಪಳಿಗಳು ಕಡಲ ತಳವನ್ನು ಉತ್ತುಬಿಡುತ್ತವೆ. ನಾನು ಕೆಲಸ ಮಾಡುವ ಸಂಸ್ಥೆ ಒಂದು ಪ್ರಯೋಗಕ್ಕಾಗಿ ವಿಶೇಷ ಅನುಮತಿ ಪಡೆದಿತ್ತು. ಸರಪಳಿಯ ಬದಲು ಬಲೆಯ ಬಾಯಲ್ಲಿ ತಂತಿಗಳು, ತಂತಿಗಳಲ್ಲಿ ಬಿಟ್ಟುಬಿಟ್ಟು ಹರಿಯುವ ಸಣ್ಣ ವಿದ್ಯುತ್ತು. ಶಾಕಿಗೆ ಸಿಗಡಿ ಮರಳಿನಿಂದ ಮೇಲಕ್ಕೆ ಜಿಗಿದು ಬಲೆಗೆ ಬೀಳುತ್ತದೆ. ತಳ ಹೆಚ್ಚು ಕದಡುವುದಿಲ್ಲ. ವಾದಿ ಅದಾಯ್ ಎಂಬಲ್ಲಿನ ವರ್ಕ್‌ಶಾಪಿನಲ್ಲಿ ಅದರ ಚೌಕಟ್ಟಿಗೆ ಬೆಸುಗೆ ಹಾಕಿಸಿದ ದಿನದಿಂದ ನಾನು ಜೊತೆಗಿದ್ದೆ. ನನಗೆ ಅದರ ಮೇಲೆ ನಂಬಿಕೆಯಿತ್ತು. ಈಗಲೂ ಇದೆ.

ಒಂದು ಅನುಮಾನ ಮಾತ್ರ ಉಳಿದಿತ್ತು. ಸಿಗಡಿಯನ್ನು ಜಿಗಿಸುವ ಶಾಕು ದೊಡ್ಡ ಮೀನಿನ ಬೆನ್ನುಮೂಳೆಯನ್ನು ಮುರಿಯಬಹುದು. ಅದನ್ನು ನೋಡುವುದೇ ನನ್ನ ಕೆಲಸ. ಪ್ರತಿ ಸಲ ಬಲೆ ಎತ್ತಿದ ಮೇಲೆ ಪೆಟ್ಟಿಗೆಗೆ ತುಂಬಿದ ಮೀನುಗಳಲ್ಲಿ ಕೆಲವನ್ನು ಆರಿಸಿ, ಸೀಳಿ, ಬೆನ್ನು ನೋಡಿ ಬರೆಯುತ್ತಿದ್ದೆ. ಮುರಿದದ್ದು ಸೊನ್ನೆ. ಮರುದಿನವೂ ಸೊನ್ನೆ.

ದೋಣಿ ನಡೆಸುವ ತಾಂಡೇಲರು ಮಲ್ಪೆ ಕಡೆಯವರು. ನನ್ನ ಪುಸ್ತಕ, ಪೆನ್ನು ನೋಡಿ ನನಗೆ ಟೀಚರ್ ಎಂದು ಹೆಸರಿಟ್ಟಿದ್ದರು.

"ಹಾಜರಿ ಆಯ್ತಾ ಟೀಚರ್? ಯಾರೂ ರಜೆ ಇಲ್ವಲ್ಲ?"

"ಎಲ್ಲರೂ ಬಂದಿದ್ದಾರೆ ಅಣ್ಣ."

"ಹಾಗಾದ್ರೆ ಊಟಕ್ಕೆ ಬನ್ನಿ. ನಮ್ಮ ಸಾರಿಗೂ ಸ್ವಲ್ಪ ಮಾರ್ಕು ಕೊಡಿ."

ನಾನು ನಕ್ಕು, ಹಮ್ರಿಯಾದ ನನ್ನ ಬಾಡಿಗೆ ಕೋಣೆಯಿಂದ ಹೊರಡುವಾಗಲೇ ಕಟ್ಟಿ ತಂದ ಚಪಾತಿಯನ್ನು ಕ್ಯಾಬಿನ್ನಿನ ಹಿಂದೆ ಕೂತು ತಿನ್ನುತ್ತಿದ್ದೆ. ಅಹಂಕಾರದಿಂದಲ್ಲ, ಅಷ್ಟು ಜನ ಗಂಡಸರ ನಡುವೆ ಉಣ್ಣುವುದು ನನಗೆ ಕಷ್ಟವಾಗುತ್ತಿತ್ತು.

ಕೊನೆಯ ದಿನ ಒಂದು ಅಲೆ ನನ್ನ ಡಬ್ಬಿಯನ್ನು ತೋಯಿಸಿತು. ತಾಂಡೇಲರು ಒತ್ತಾಯ ಮಾಡಿ ಕೂರಿಸಿ, ತಟ್ಟೆಗೆ ಅನ್ನ ಹಾಕಿ ಸಾರು ಬಡಿಸಿದರು. ಕಲ್ಲೂರು ಮೀನು. ಬೆರಳಿನಿಂದ ಬಿಡಿಸಿದೆ. ಬೆನ್ನುಮೂಳೆ ನಡುವಿನಲ್ಲಿ ಎರಡಾಗಿತ್ತು. ಸುತ್ತ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು.

"ಇದು ಎಲ್ಲಿಯ ಮೀನು ಅಣ್ಣ?"

"ಬಲೆಯದ್ದೇ. ಮತ್ತೆ ಎಂತ, ಅಂಗಡಿಯಿಂದ ತರ್ಲಿಕ್ಕೆ ನಮಗೆ ಮರ್ಲಾ?" ಎಲ್ಲರೂ ನಕ್ಕರು. "ಬೆನ್ನು ಬಗ್ಗಿದ್ದನ್ನೆಲ್ಲ ಮೊದಲೇ ತೆಗೆದು ಅಡುಗೆಗೆ ಇಡ್ತೇವೆ. ಪೆಟ್ಟಿಗೆಗೆ ಚಂದದ್ದು ಮಾತ್ರ. ಊರಲ್ಲೂ ಹಾಗೇ ಅಲ್ವಾ? ನೀವೇ ಆ ಕಡೆಯವರು, ನಿಮಗೆ ಗೊತ್ತಿಲ್ದೆ ಎಂತ!"

ಗೊತ್ತಿತ್ತು. ನನ್ನ ಅಪ್ಪ ಬಂದರಿನ ಐಸ್ ಪ್ಲಾಂಟಿನಲ್ಲಿದ್ದರು. ದೋಣಿಯವರು ಬೇರೆ ತೆಗೆದಿಟ್ಟ ಹರಿದ, ಮುರಿದ ಮೀನೇ ನಮ್ಮ ಮನೆಗೆ ಬರುತ್ತಿದ್ದದ್ದು. ಅದನ್ನು ತಿಂದೇ ನಾನು ಕಾಲೇಜಿಗೆ ಹೋದವಳು. ದೋಣಿ ಹತ್ತಿದ ಮೇಲೆ ಅದೇ ನನಗೆ ನೆನಪಾಗಲಿಲ್ಲ.

ತಟ್ಟೆ ಖಾಲಿ ಮಾಡಿದೆ. ಹಿಂದಿರುಗುವಾಗ, ದಾರಿಯ ಊರು ಇಬ್ರಾದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿ, ನನ್ನನ್ನು ಕರೆದೊಯ್ಯಲು ದಡಕ್ಕೆ ಬಂದಿದ್ದ ನಮ್ಮ ಮೇಲಧಿಕಾರಿ ಹಿಂಬದಿಗೆ ತಿರುಗಿ, "ಸೊನ್ನೆ! ಇದಕ್ಕಿಂತ ಒಳ್ಳೆ ರಿಸಲ್ಟ್ ಉಂಟಾ?" ಎಂದರು. ನಾನು ಚಹಾ ಮುಗಿಸಿ ಲೋಟ ಹಿಂದಿರುಗಿಸಿದೆ.

ಮೂರು ವಾರ ಕಳೆದ ಮೇಲೆ, ವರದಿ ಅಂತಿಮವಾಗುವ ಮುನ್ನ, ಇಮೇಲ್ ಬರೆದೆ. ನನ್ನ ಸೊನ್ನೆಗಳನ್ನು ನಂಬುವಂತಿಲ್ಲ, ಪ್ರಯೋಗವನ್ನು ಮತ್ತೆ ಮಾಡಬೇಕು ಎಂದೆ. ಕಾರಣ ಹೀಗೆ ಕೊಟ್ಟೆ: "ನಾನು ಪರೀಕ್ಷಿಸುವ ಮೊದಲೇ ದೋಣಿಯವರು ಗಾಯಗೊಂಡ ಮೀನುಗಳನ್ನು ತೆಗೆದಿದ್ದರು." ಅದರಲ್ಲಿ ಸುಳ್ಳಿಲ್ಲ. ಅವರು ಏನನ್ನೂ ಮುಚ್ಚಿಡಲಿಲ್ಲ, ನಾನು ಒಂದು ದಿನವೂ ಕೇಳಲಿಲ್ಲ, ಈ ಪದ್ಧತಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು ಎಂಬುದನ್ನು ಮಾತ್ರ ಬರೆಯಲಿಲ್ಲ.

ಎರಡನೇ ಪ್ರಯೋಗಕ್ಕೆ ಬೇರೆ ತಂಡವನ್ನು ಗೊತ್ತುಮಾಡಿದರು.

ತಾಂಡೇಲರು ಫೋನ್ ಮಾಡಿದರು. "ಟೀಚರ್, ನಮ್ಮನ್ನು ಬಿಟ್ರಂತೆ. ಎಂತ ತಪ್ಪಾಯ್ತು ಅಂತ ಯಾರೂ ಹೇಳುದಿಲ್ಲ. ನೀವು ಒಂದು ಮಾತು ಹೇಳಿ ನೋಡ್ತೀರಾ? ನೀವು ಹೇಳಿದ್ರೆ ಕೇಳ್ತಾರೆ."

"ನೋಡ್ತೇನೆ ಅಣ್ಣ," ಎಂದೆ.

ಮರುದಿನ ಮೇಲಧಿಕಾರಿಯ ಎದುರು ನಿಂತು, ತಪ್ಪು ನನ್ನದು ಎಂದು ಪೂರ್ತಿ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು. "ಇರಲಿ, ಖಲಾಸ್. ಹೊಸಬರ ಪೇಪರ್ ಎಲ್ಲ ಆಗಿದೆ."

ಈಗ ಬಲೆ ಎತ್ತಿದ ಕೂಡಲೇ ಬೆನ್ನು ಬಗ್ಗಿದ ಮೀನೆಲ್ಲ ಮೊದಲು ನನ್ನ ಮುಂದೆ ಬರುತ್ತದೆ. ನನ್ನ ಪುಸ್ತಕದಲ್ಲಿ ಈಗ ಸೊನ್ನೆಗಳಿಲ್ಲ. ಅಡುಗೆಗೆ ಮೀನು ಮುಟ್ಟಬಾರದೆಂದು ಹೊಸಬರಿಗೆ ಆದೇಶ. ಅವರು ಬೇಳೆಸಾರು ಮಾಡುತ್ತಾರೆ. ನಾನು ಅವರ ಜೊತೆ ಕೂತೇ ಉಣ್ಣುತ್ತೇನೆ. ತಾಂಡೇಲರಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ.