ಸೀರೆಗೆ ಬೈಯಲಾರದ ಗಿರಾಕಿ

“ಬಣ್ಣ ಬಿಟ್ಟೈತಿ ಅಂತ ಹೆಂಗ ಅನ್ನಲಿರಿ ಸರ? ಈ ಸೀರಿ ನಾನ ನೇಯ್ದೇನಿ!”

ಮರುದಿನ ರಬಕವಿಯಲ್ಲಿ ನೇಕಾರರ ಹೊಸ ಮಳಿಗೆ ತೆರೆಯುವುದಿತ್ತು. ಸಿಟ್ಟಾದ ಗಿರಾಕಿಯನ್ನು ಎದುರಿಸುವುದು ಹೇಗೆಂದು ಮಾರಾಟಕ್ಕೆ ನಿಲ್ಲಲಿದ್ದ ಈರಣ್ಣನಿಗೆ ಕಲಿಸಲು ನಾನೊಂದು ಸನ್ನಿವೇಶ ಕಟ್ಟಿದ್ದೆ. ಗಿರಾಕಿಯ ಪಾತ್ರ ನೇಕಾರ ಶಂಕ್ರಪ್ಪನದು; ಸೀರೆ ಬಣ್ಣ ಬಿಟ್ಟಿದೆಯೆಂದು ಅವನು ಬೈಯಬೇಕಿತ್ತು. ಅವನೋ ಆಗುವುದಿಲ್ಲವೆಂದು ಹಾಗೆ ಹೇಳಿ, ಸೀರೆ ಬಿಡಿಸಿ, ಅಂಚು ಸವರಿ, ಹೊಗಳತೊಡಗಿದ. ಬೆಳಗಿನಿಂದ ಹೆದರಿ ಬೆವರುತ್ತಿದ್ದ ಈರಣ್ಣ ನಕ್ಕುಬಿಟ್ಟ. ನನ್ನ ತರಬೇತಿ ನೆಲ ಕಚ್ಚಿತು.

ಬಾಗಿಲಲ್ಲಿ ಕೂತಿದ್ದ ಶಂಕ್ರಪ್ಪನ ಹೆಂಡತಿ ಗೌರವ್ವ ಎದ್ದು ಬಂದಳು. “ಸರೀರಿ, ನಾ ಬೈತೇನಿ” ಎಂದವಳು ಅಂಚಿನಿಂದ ಶುರುಮಾಡಿ, ಸೆರಗಿಗೆ ಬಂದು, ಕಡೆಗೆ ನೇಯ್ದವನ ಸೋಮಾರಿತನ, ಮರೆವು, ಗೊರಕೆ ಒಂದನ್ನೂ ಬಿಡಲಿಲ್ಲ. ಈರಣ್ಣನ ನಗು ನಿಂತಿತು. ನಾನು ಹೇಳಿಕೊಟ್ಟದ್ದೆಲ್ಲ ಮರೆತು ಅವನು ಕೈಮುಗಿದ: “ಅಕ್ಕಾರ, ಮೊದಲ ಕುಂಡರ್ರಿ, ನೀರ ಕುಡೀರಿ. ಆಮ್ಯಾಲ ಬೈರಿ.”

ಗೌರವ್ವ ಕೂತಳು. ನೀರು ಕುಡಿದಳು. ಸಿಟ್ಟು ಇಳಿಯಿತು.

ಅದರಲ್ಲಿ ನಟನೆಯೆಷ್ಟು, ಖರೆಯೆಷ್ಟು, ನನಗೆ ಅಂದೂ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ನೆನಪೂ ಒಂದಿಷ್ಟು ಬಣ್ಣ ಹಚ್ಚಿರಬಹುದು. ಆದರೆ ಹೊರಡುವಾಗ ಶಂಕ್ರಪ್ಪ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು ಈಗಲೂ ಕಿವಿಯಲ್ಲಿದೆ: “ಸರ, ಈರಣ್ಣ ಅಂದಿದ್ದನ್ನ ಮನ್ಯಾಗ ಅಂದರೂ ನಡೀತೈತೇನ್ರಿ?”